ನಟನ ಕಸುಬೂ ಊರಿನ ಋಣವೂ

(ಬಾನುಲಿ ಭಾಷಣ)



ನಾಟಕವಾಡುವವರು ಎಲ್ಲಿಗೆ ಹೋದರೂ ಅಲ್ಲಿ ಅವರಿಗಾಗಿ ಒಂದು ಪ್ರಶ್ನೆ ಕಾದು ಕುಳಿತಿರುತ್ತದೆ: “ನಿಮ್ಮ ನಾಟಕದಿಂದ ಸಮಾಜ ಬದಲಾಗುತ್ತದೆಯೆ?” ಕೆಲವರು ಇದನ್ನು ಕುತೂಹಲದಿಂದ ಕೇಳುತ್ತಾರೆ, ಕೆಲವರು ಕೊಂಕಿನಿಂದ. ಕಲಾವಿದರು ಕೊಡುವ ಉತ್ತರವೂ ಎರಡು ಬಗೆ. ಬದಲಾಗಿಯೇ ತೀರುತ್ತದೆಂದು ಎದೆ ತಟ್ಟಿ ಹೇಳುವವರುಂಟು. ಆ ಗೊಡವೆ ನಮಗೇಕೆ, ನಾವು ಬಣ್ಣ ಹಚ್ಚುವವರು ಮಾತ್ರ ಎಂದು ಕೈತೊಳೆದುಕೊಳ್ಳುವವರೂ ಉಂಟು. ನಾನು ವೃತ್ತಿಯಿಂದ ಶಾಲೆಯ ಮೇಷ್ಟರು. ಆದರೆ ನಲವತ್ತು ವರ್ಷಕ್ಕೂ ಮೇಲ್ಪಟ್ಟು ಹವ್ಯಾಸಿ ರಂಗಭೂಮಿಯ ಹೊಸಿಲಲ್ಲಿ ನಿಂತು ಒಳಗೂ ಹೊರಗೂ ನೋಡಿದವನು. ಈ ಎರಡು ಉತ್ತರಗಳಲ್ಲಿ ಯಾವುದೂ ನನಗೆ ಒಪ್ಪಿಗೆಯಾಗಿಲ್ಲ. ಏಕೆ ಒಪ್ಪಿಗೆಯಾಗಿಲ್ಲವೆಂಬುದನ್ನು ಹೇಳಲು ಒಂದು ಹಳೆಯ ಸಂಗತಿಯಿಂದ ಪ್ರಾರಂಭಿಸಬೇಕು. ಅದು ನನಗೆ ಗೌರವ ತರುವ ಸಂಗತಿಯಲ್ಲ.

1979ರ ಸುಮಾರು. ಹಳೆಯ ಮೈಸೂರು ಸೀಮೆಯಲ್ಲಿ ನಾವು ಹತ್ತು ಹನ್ನೆರಡು ಮಂದಿ ಸೇರಿ ಒಂದು ಸಣ್ಣ ತಂಡ ಕಟ್ಟಿಕೊಂಡು, ರಜೆಯ ದಿನಗಳಲ್ಲಿ ಹಳ್ಳಿಗಳಿಗೆ ಹೋಗಿ ಬೀದಿ ನಾಟಕ ಆಡುತ್ತಿದ್ದೆವು. ಊರ ಬಾವಿಯನ್ನು ಕುರಿತು ನಾವೇ ಹೊಸೆದ ಅರ್ಧ ಗಂಟೆಯ ನಾಟಕ. ಕೇರಿಯ ಹೆಣ್ಣುಮಗಳೊಬ್ಬಳು ಕೊನೆಯಲ್ಲಿ ಮೇಲಿನ ಬಾವಿಯ ನೀರನ್ನು ಸೇದಿ ತರುತ್ತಾಳೆ, ಎಲ್ಲರೂ ಅದನ್ನು ಕುಡಿಯುತ್ತಾರೆ, ತಮಟೆ ಮೊಳಗುತ್ತದೆ. ಒಂದು ಊರಿನಲ್ಲಿ ಆಟ ಬಹಳ ಚೆನ್ನಾಗಿ ಕೂಡಿಬಂದಿತು. ಜನ ಚಪ್ಪಾಳೆ ತಟ್ಟಿದರು. ನಮ್ಮನ್ನು ಕರೆಸಿದ್ದ ಯಜಮಾನರು ಕಣ್ಣೊರೆಸಿಕೊಂಡು, “ಇಂಥ ನಾಟಕ ಊರೂರಲ್ಲೂ ಆಗಬೇಕು ಮೇಷ್ಟ್ರೆ” ಎಂದರು. ಆಮೇಲೆ ಊಟಕ್ಕೆಬ್ಬಿಸಿದರು. ನಡುಮನೆಯಲ್ಲಿ ಎಲೆಗಳ ಸಾಲು. ತಮಟೆ ಬಾರಿಸುತ್ತಿದ್ದ ನಮ್ಮ ಗೆಳೆಯನ ಎಲೆ ಮಾತ್ರ ಹೊರಗೆ ಜಗಲಿಯ ಮೂಲೆಯಲ್ಲಿತ್ತು. ಅವನು ಒಂದು ಮಾತೂ ಆಡದೆ ಹೋಗಿ ಕುಳಿತ. ನಾನು ಅದನ್ನು ಕಂಡೆ. ಕಂಡೂ ಒಳಗೆ ಕುಳಿತು ಉಂಡೆ. ಪಾಯಸವಿತ್ತು ಎಂಬುದು ಇಂದಿಗೂ ನೆನಪಿದೆ.

ಹಿಂದಿರುಗುವಾಗ ಲಾರಿಯಲ್ಲಿ ಅವನ ಪಕ್ಕದಲ್ಲಿ ಕುಳಿತಿದ್ದೆ. ಊಟದ ವಿಷಯವನ್ನು ನಾನು ಎತ್ತಲಿಲ್ಲ, ಅವನೂ ಎತ್ತಲಿಲ್ಲ. ಬಹಳ ಹೊತ್ತಿನ ಮೇಲೆ ಅವನು ಹೇಳಿದ್ದು ಇಷ್ಟು: “ಮೇಷ್ಟ್ರೆ, ನಾಟಕದಾಗೆ ಆಯಮ್ಮ ನೀರು ಹೊತ್ಕಂಡು ಬತ್ತಾಳಲ್ಲ, ಆ ಕೊಡ ಖಾಲಿ ಅಂತ ನೋಡೋರಿಗೆಲ್ಲ ಗೊತ್ತಾಯ್ತದೆ. ಹೊತ್ತೋರು ಹಂಗೆ ನಡೆಯಾಕಿಲ್ಲ.”

ಅದು ಅಭಿನಯವನ್ನು ಕುರಿತ ಟೀಕೆಯೋ ನಮ್ಮನ್ನು ಕುರಿತ ಟೀಕೆಯೋ ಎಂದು ನಾನು ಬಹಳ ದಿನ ಯೋಚಿಸಿದೆ. ಎರಡೂ ಒಂದೇ ಎಂದು ತಿಳಿಯುವುದಕ್ಕೆ ಕಾಲ ಹಿಡಿಯಿತು. ನಟನ ಕಸುಬು ಒಂದು ಕಡೆ, ಊರಿನೊಡನೆ ಅವನ ನಂಟು ಇನ್ನೊಂದು ಕಡೆ, ಸಮಾಜ ಪರಿವರ್ತನೆ ಮತ್ತೊಂದು ಕಡೆ ಎಂದು ನಾವು ವಿಚಾರಗೋಷ್ಠಿಗಳಲ್ಲಿ ವಿಭಾಗ ಮಾಡಿಕೊಳ್ಳುತ್ತೇವೆ. ರಂಗದ ಮೇಲೆ ಹಾಗೆ ವಿಭಾಗವಾಗುವುದಿಲ್ಲ. ನಾಟಕದಲ್ಲಿ ಹೇಳುವ ನೀತಿಗಿಂತ, ಆ ನಾಟಕವನ್ನು ಯಾರು ಯಾರ ಜೊತೆ ಕೂಡಿ ಹೇಗೆ ಕಟ್ಟುತ್ತಾರೆ, ಕಟ್ಟಿದವರು ಎಲ್ಲಿ ಉಣ್ಣುತ್ತಾರೆ, ಯಾರು ಕಸ ಗುಡಿಸುತ್ತಾರೆ, ಯಾರು ರಾಜನ ಪಾತ್ರ ಮಾಡುತ್ತಾರೆ, ಅಲ್ಲಿ ಬದಲಾವಣೆ ಮೊದಲು ಕೆಲಸ ಮಾಡುತ್ತದೆ. ಮಾಡದಿದ್ದರೆ ಅಲ್ಲೇ ಸೋಲುತ್ತದೆ.

ನಮ್ಮ ಹಿಂದಿನ ಕಂಪನಿ ನಾಟಕಗಳನ್ನೇ ನೋಡಿ. ಅವರು ಪರಿವರ್ತನೆಯ ಮಾತನ್ನು ದೊಡ್ಡದಾಗಿ ಆಡಿದವರಲ್ಲ. 1884ರಲ್ಲಿ ಹುಟ್ಟಿ, ಮುಂದೆ ವೀರಣ್ಣನವರ ಕೈಯಲ್ಲಿ ನಾಡಿಗೆಲ್ಲ ಹೆಸರಾದ ಗುಬ್ಬಿ ಕಂಪನಿಗೆ ಟಿಕೀಟು ಕೊಂಡ ಪ್ರೇಕ್ಷಕನೇ ಧಣಿ. ಅವನು ಎದ್ದು ಹೋದರೆ ಆ ರಾತ್ರಿ ಅಡಿಗೆಮನೆಯ ಒಲೆಗೆ ಸಂಕಟ. ಅಂಥ ಕಟ್ಟುನಿಟ್ಟಿನಲ್ಲಿ ಹುಡುಗರು ಹಾಡು, ತಾಳ, ಮಾತಿನ ಓಟ, ಪರದೆ ಎಳೆಯುವುದು ಎಲ್ಲವನ್ನೂ ಕಲಿತರು. ಬಾಲ್ಯದಲ್ಲಿ ಮನೆ ಬಿಟ್ಟು ಆ ಕಂಪನಿ ಸೇರಿದ ಬಿ. ವಿ. ಕಾರಂತರು (1929–2002) ಮುಂದೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, 1989ರಲ್ಲಿ ಮೈಸೂರಿನ ರಂಗಾಯಣವನ್ನು ಕಟ್ಟಿದರು. ಆದರೂ ಅವರ ಸಂಗೀತದಲ್ಲಿ ಕಂಪನಿಯ ಕಿವಿ ಕೊನೆಯವರೆಗೂ ಉಳಿದಿತ್ತು.

ಬೋಧನೆ ಮಾಡದ ಈ ಕಂಪನಿಗಳೊಳಗೇ ಒಂದು ದೊಡ್ಡ ಪಲ್ಲಟ ನಡೆದುಹೋಯಿತೆಂಬುದನ್ನು ನಾವು ಮರೆಯುತ್ತೇವೆ. ಒಂದು ಕಾಲಕ್ಕೆ ಹೆಣ್ಣಿನ ಪಾತ್ರವನ್ನು ಗಂಡಸರೇ ಮಾಡುತ್ತಿದ್ದರು. ನೂರು ದಾಟಿ ಬಾಳಿ 2017ರಲ್ಲಿ ತೀರಿಕೊಂಡ ಏಣಗಿ ಬಾಳಪ್ಪನವರು ಎಳವೆಯಲ್ಲಿ ಸ್ತ್ರೀಪಾತ್ರಗಳಿಂದಲೇ ಮೆಚ್ಚುಗೆ ಪಡೆದವರು. ಅಂಥ ರಂಗಕ್ಕೆ ಹೆಂಗಸರು ಬಂದರು. ಬಂದವರು ಊರಿನ ನಾಲಗೆಯನ್ನು ಎದುರಿಸಿ ನಿಂತರು. 1958ರಲ್ಲಿ ಆರ್. ನಾಗರತ್ನಮ್ಮನವರು ಮೈಸೂರಿನಲ್ಲಿ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿದಾಗಲಂತೂ ಚಕ್ರ ಪೂರ್ತಿ ತಿರುಗಿತು. ಅಲ್ಲಿ ಎಲ್ಲ ಪಾತ್ರಗಳೂ ಹೆಂಗಸರವೇ. ಅವರೇ ಮೀಸೆ ಅಂಟಿಸಿಕೊಂಡು, ಗದೆ ಹಿಡಿದು ಕಂಸನಾಗಿ, ರಾವಣನಾಗಿ ಗುಡುಗಿದರು. ನಾಟಕಗಳೇನೋ ಹಳೆಯ ಪೌರಾಣಿಕಗಳೇ. ಸ್ತ್ರೀ ಸಮಾನತೆಯ ಭಾಷಣ ಅವುಗಳಲ್ಲಿರಲಿಲ್ಲ. ಆದರೆ ಒಬ್ಬ ಹೆಂಗಸು ಸಭೆಯ ನಡುವೆ ಕಾಲಪ್ಪಳಿಸಿ ನಗುವುದನ್ನು ಸಾವಿರ ಜನ ಕುಳಿತು ನೋಡಿದರು. ಆ ನಗೆಯಲ್ಲಿ ಕಸುಬು ಒಂದಿಷ್ಟು ಕಡಿಮೆಯಾಗಿದ್ದರೆ ಅದು ಬರಿಯ ವಿನೋದವಾಗುತ್ತಿತ್ತು. ಗಂಟಲಿನ ಸಾಧನೆ, ಹೆಜ್ಜೆಯ ತೂಕ ಪಕ್ಕಾ ಆಗಿದ್ದುದರಿಂದಲೇ ಜನ ಅದನ್ನು ನಂಬಿದರು.

ಇನ್ನು ಬೀದಿ ನಾಟಕದ ಮಾತು. 1975ರಲ್ಲಿ ‘ಸಮುದಾಯ’ ತಂಡ ಹುಟ್ಟಿತು. ಪ್ರಸನ್ನ ಮೊದಲಾದವರು ಅದರ ಮುಂದಾಳುಗಳು. 1977ರಲ್ಲಿ ಬಿಹಾರದ ಬೆಲ್ಚಿ ಗ್ರಾಮದಲ್ಲಿ ದಲಿತರನ್ನು ಸುಟ್ಟುಕೊಂದ ಘಟನೆಯ ಮೇಲೆ ಸಿ. ಜಿ. ಕೃಷ್ಣಸ್ವಾಮಿಯವರು ನಿರ್ದೇಶಿಸಿದ ‘ಬೆಲ್ಚಿ’ಯನ್ನು ನೋಡದ ತಾಲ್ಲೂಕು ಕೇಂದ್ರ ಆ ಕಾಲದಲ್ಲಿ ವಿರಳವೆಂದೇ ನನ್ನ ಭಾವನೆ. ನಮ್ಮಂಥ ಹತ್ತಾರು ಚಿಲ್ಲರೆ ತಂಡಗಳು ಹುಟ್ಟಿದ್ದು ಅದನ್ನು ನೋಡಿಯೇ. ಬೀದಿ ನಾಟಕವೆಂದರೆ ಕಸುಬು ಬೇಕಿಲ್ಲ, ಕೆಚ್ಚು ಸಾಕು ಎಂದು ನಾವು ತಿಳಿದಿದ್ದೆವು. ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇಲ್ಲ. ಪರದೆಯಿಲ್ಲ, ವಿಂಗಿಲ್ಲ, ದೀಪವಿಲ್ಲ. ಸುತ್ತಲೂ ಜನ, ನೀವು ಯಾವ ಕಡೆಗೆ ಮುಖ ಮಾಡಿದರೂ ಯಾರಿಗೋ ಬೆನ್ನು ತೋರಿಸುತ್ತೀರಿ. ಆ ಬೆನ್ನೂ ಅಭಿನಯಿಸಬೇಕು. ನಡುವೆ ಬಸ್ಸಿನ ಹಾರನ್ನು, ನಾಯಿಯ ಬೊಗಳಾಟ, ಕುಡಿದು ಬಂದವನೊಬ್ಬನ ವ್ಯಾಖ್ಯಾನ. ಇವೆಲ್ಲದರ ಮೇಲೆ ಧ್ವನಿ ಒಡೆಯದಂತೆ ಮಾತು ಮುಟ್ಟಿಸಬೇಕು. ಕಿರಿಚಿದರೆ ಎರಡನೆಯ ಊರಿಗೇ ಗಂಟಲು ಹೋಗುತ್ತದೆ, ನನ್ನದು ಹೋಗಿತ್ತು.

ಈ ದಾರಿಯಲ್ಲಿ ಪ್ರಾಣವನ್ನೇ ಕೊಟ್ಟವರಿದ್ದಾರೆ. 1989ರ ಜನವರಿ 1ರಂದು ದೆಹಲಿಯ ಸಮೀಪದ ಸಾಹಿಬಾಬಾದಿನಲ್ಲಿ ‘ಹಲ್ಲಾ ಬೋಲ್’ ನಾಟಕ ನಡೆಯುತ್ತಿದ್ದಾಗ ಸಫ್ದರ್ ಹಾಶ್ಮಿಯವರ ತಂಡದ ಮೇಲೆ ಹಲ್ಲೆಯಾಯಿತು. ಮಾರನೆಯ ದಿನ ಅವರು ತೀರಿಕೊಂಡರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀಯವರು ತಂಡದೊಡನೆ ಅದೇ ಜಾಗಕ್ಕೆ ಹೋಗಿ, ನಿಂತುಹೋಗಿದ್ದ ನಾಟಕವನ್ನು ಆಡಿ ಮುಗಿಸಿದರು. ಇದರ ಮುಂದೆ ನಮ್ಮ ಕಷ್ಟಗಳನ್ನು ಕಷ್ಟವೆಂದು ಕರೆಯಲು ನಾಚಿಕೆಯಾಗುತ್ತದೆ.

ಖಾಲಿ ಕೊಡದ ಮಾತಿಗೆ ಮರಳುತ್ತೇನೆ. ಹಲವು ವರ್ಷಗಳ ಮೇಲೆ ಬ್ರೆಜಿಲ್ ದೇಶದ ರಂಗಕರ್ಮಿ ಆಗಸ್ಟೊ ಬೋಆಲ್ (1931–2009) ತಮ್ಮ ಬಗ್ಗೆ ಬರೆದುಕೊಂಡಿದ್ದ ಒಂದು ಪ್ರಸಂಗವನ್ನು ಓದಿ ನಾನು ಬೆಚ್ಚಿಬಿದ್ದೆ. ಅವರ ತಂಡ ಆ ದೇಶದ ಈಶಾನ್ಯ ಭಾಗದ ಬಡ ರೈತರ ನಡುವೆ ನಾಟಕವಾಡುತ್ತಿತ್ತು. ಕೊನೆಯಲ್ಲಿ ನಟರೆಲ್ಲ ಬಂದೂಕು ಎತ್ತಿ ಹಿಡಿದು, ನೆಲಕ್ಕಾಗಿ ರಕ್ತ ಚೆಲ್ಲೋಣ ಎಂದು ಹಾಡುತ್ತಿದ್ದರು. ಒಂದು ದಿನ ಆಟ ಮುಗಿದ ಮೇಲೆ ವರ್ಜಿಲಿಯೊ ಎಂಬ ರೈತ ಕಣ್ಣೀರು ತುಂಬಿಕೊಂಡು ಬಂದು, ಬನ್ನಿ, ನಮ್ಮ ಜಮೀನು ಕಿತ್ತುಕೊಂಡವರ ಮೇಲೆ ಈಗಲೇ ಹೋಗೋಣ, ಮೊದಲು ಊಟ ಮಾಡಿ ಎಂದ. ನಟರು ತಬ್ಬಿಬ್ಬಾದರು. ಇವು ನಿಜವಾದ ಬಂದೂಕುಗಳಲ್ಲ, ನಾಟಕದವು ಎಂದರು. ಚಿಂತೆಯಿಲ್ಲ, ಬಂದೂಕು ನಮ್ಮಲ್ಲಿವೆ, ನೀವು ಬನ್ನಿ ಎಂದ ಆತ. ನಾವು ನಟರು, ಹೊಡೆದಾಡುವವರಲ್ಲ ಎಂದಾಗ, ಹಾಗಾದರೆ ನೀವು ಚೆಲ್ಲೋಣ ಎಂದು ಹಾಡಿದ ರಕ್ತ ನಮ್ಮದು, ನಿಮ್ಮದಲ್ಲ ಎಂಬುದು ಅವನಿಗೆ ಅರ್ಥವಾಗಿತ್ತು. ತಾವು ಹೊರಲಾರದ ಹೊರೆಯನ್ನು ಇನ್ನೊಬ್ಬರಿಗೆ ಹೊರಿಸುವ ನಾಟಕವನ್ನು ಬೋಆಲ್ ಮತ್ತೆ ಬರೆಯಲಿಲ್ಲ.

ಅಲ್ಲಿಂದ ಮುಂದಿನ ಅವರ ಹುಡುಕಾಟವೇ ಜಗತ್ತಿನಲ್ಲಿ ಹೆಸರಾದ ‘ದಮನಿತರ ರಂಗಭೂಮಿ’. ಅದರ ಒಂದು ಬಗೆಯನ್ನು ಸ್ಥೂಲವಾಗಿ ಹೇಳುವುದಾದರೆ ಹೀಗೆ: ನಟರು ಒಂದು ಅನ್ಯಾಯದ ಸನ್ನಿವೇಶವನ್ನು ಪರಿಹಾರ ಕಾಣಿಸದೆ ಆಡುತ್ತಾರೆ. ಅದೇ ದೃಶ್ಯವನ್ನು ಮತ್ತೆ ಆಡುವಾಗ ಪ್ರೇಕ್ಷಕರಲ್ಲಿ ಯಾರು ಬೇಕಾದರೂ ‘ನಿಲ್ಲಿಸಿ’ ಎಂದು ಕೂಗಿ, ನಟನ ಜಾಗಕ್ಕೆ ತಾವೇ ಬಂದು, ತಾವಾಗಿದ್ದರೆ ಏನು ಮಾಡುತ್ತಿದ್ದೆವೆಂದು ಆಡಿ ತೋರಿಸಬಹುದು. ಎದುರಾಳಿಯ ಪಾತ್ರದ ನಟ ಸುಲಭವಾಗಿ ಸೋಲಬಾರದು. ಲೋಕದಲ್ಲಿ ಎದುರಾಳಿ ಹೇಗೆ ಪಟ್ಟು ಹಾಕುತ್ತಾನೋ ಹಾಗೆಯೇ ಹಾಕಬೇಕು. ಇಲ್ಲಿ ನಟನಿಗೆ ಬೇಕಾದ ಚಾತುರ್ಯ ಕಡಿಮೆಯದಲ್ಲ. ಬರೆದ ಮಾತಿಲ್ಲ, ಮುಂದೇನಾಗುವುದೋ ತಿಳಿಯದು. ನಮ್ಮ ದೇಶದಲ್ಲಿ 1985ರಲ್ಲಿ ಪ್ರಾರಂಭವಾದ ಪಶ್ಚಿಮ ಬಂಗಾಳದ ‘ಜನ ಸಂಸ್ಕೃತಿ’ ತಂಡ ಈ ಬಗೆಯನ್ನು ಹಳ್ಳಿಗಳಲ್ಲಿ ಬೇರೂರಿಸಿತು. ಎಲ್ಲ ನಾಟಕವೂ ಹೀಗೇ ಇರಬೇಕೆಂದು ನಾನು ಹೇಳಲಾರೆ. ನನಗೆ ಒಳ್ಳೆಯ ಕಥೆ ಕೊನೆಯವರೆಗೂ ಬೇಕು; ನಡುವೆ ನಿಲ್ಲಿಸಿದರೆ ಕಸಿವಿಸಿಯಾಗುತ್ತದೆ. ವಯಸ್ಸಾದವನ ಚಪಲವೆಂದು ಮನ್ನಿಸಿ.

ಕಥೆಯನ್ನೂ ಬಿಡದೆ, ಊರನ್ನೂ ಬಿಡದೆ, ಕಸುಬನ್ನಂತೂ ಬಿಡದೆ ಕೆಲಸ ಮಾಡಿದ ಒಂದು ಉದಾಹರಣೆ ನಮ್ಮ ನಾಡಿನಲ್ಲೇ ಇದೆ. ಶಿವಮೊಗ್ಗ ಜಿಲ್ಲೆ, ಸಾಗರ ತಾಲ್ಲೂಕಿನ ಹೆಗ್ಗೋಡು. ಅಡಿಕೆ ತೋಟಗಳ ನಡುವಣ ಪುಟ್ಟ ಊರು. 1949ರಲ್ಲಿ ಅಲ್ಲಿ ಶ್ರೀ ನೀಲಕಂಠೇಶ್ವರ ನಾಟ್ಯಸೇವಾ ಸಂಘ ಹುಟ್ಟಿದಾಗ ಅದು ಬೇರೆಲ್ಲ ಊರುಗಳಂತೆ ವರ್ಷಕ್ಕೊಂದೆರಡು ನಾಟಕವಾಡುವ ಸಂಘ. ಮೈಸೂರಿನಲ್ಲಿ ಓದು ಮುಗಿಸಿದ ಕೆ. ವಿ. ಸುಬ್ಬಣ್ಣನವರು (1932–2005) ನಗರದಲ್ಲಿ ನೆಲೆಸದೆ ಊರಿಗೆ ಮರಳಿದ್ದರಿಂದ ಅದು ‘ನೀನಾಸಮ್’ ಆಯಿತು. 1973ರಲ್ಲಿ ಚಿತ್ರ ಸಮಾಜ, 1980ರಲ್ಲಿ ರಂಗಶಿಕ್ಷಣ ಕೇಂದ್ರ, 1985ರಲ್ಲಿ ತಿರುಗಾಟ. 1991ರಲ್ಲಿ ಸುಬ್ಬಣ್ಣನವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂದಾಗ, ಅಷ್ಟು ಸಣ್ಣ ಊರಿಗೆ ಅಷ್ಟು ದೊಡ್ಡ ಪ್ರಶಸ್ತಿಯೆ ಎಂದು ಹಲವರು ಬೆರಗಾದರು.

ಇಸವಿಗಳು ಹಾಗಿರಲಿ, ನನ್ನ ಗಮನ ಸೆಳೆದದ್ದು ಅಲ್ಲಿನ ದಿನಚರಿ. ರಂಗಶಿಕ್ಷಣ ಒಂದು ವರ್ಷದ್ದು. ಬೆಳಗಿನ ದೇಹಾಭ್ಯಾಸದಿಂದ ರಾತ್ರಿಯ ತಾಲೀಮಿನವರೆಗೆ ವಿದ್ಯಾರ್ಥಿಗೆ ಬಿಡುವಿಲ್ಲ. ಗ್ರೀಕ್ ನಾಟಕವನ್ನೂ ಕಾಳಿದಾಸನನ್ನೂ ಯಕ್ಷಗಾನದ ಹೆಜ್ಜೆಯನ್ನೂ ಕಲಿಯುವ ಹುಡುಗನೇ ಹಲಗೆಗೆ ಮೊಳೆ ಹೊಡೆಯುತ್ತಾನೆ, ಬಟ್ಟೆಗೆ ಬಣ್ಣ ಕಟ್ಟುತ್ತಾನೆ, ರಂಗ ಗುಡಿಸುತ್ತಾನೆ. ತಿರುಗಾಟವೂ ಅಷ್ಟೆ. ಮಳೆಗಾಲದಲ್ಲಿ ತಾಲೀಮು, ಮಳೆ ಹಿಂದೆಗೆದ ಮೇಲೆ ಪ್ರಯಾಣ. ಎರಡೋ ಮೂರೋ ನಾಟಕಗಳನ್ನು ಹೊತ್ತು, ತಿಂಗಳುಗಟ್ಟಲೆ ಊರಿಂದೂರಿಗೆ. ಮಧ್ಯಾಹ್ನ ಇಳಿದು, ಸಾಮಾನು ಇಳಿಸಿ, ಸಿಕ್ಕ ಜಾಗಕ್ಕೆ ರಂಗವನ್ನು ಹೊಂದಿಸಿ, ದೀಪ ಕಟ್ಟಿ, ಸಂಜೆ ಬಣ್ಣ ಹಚ್ಚಿ ಆಡಿ, ಮತ್ತೆ ಎಲ್ಲವನ್ನೂ ಬಿಚ್ಚಿ ತುಂಬಬೇಕು. ಹಿಂದಿನ ಗಳಿಗೆಯಲ್ಲಿ ರಾಜನಾಗಿದ್ದವನು ಹಗ್ಗ ಸುತ್ತುತ್ತಿರುತ್ತಾನೆ. ಷೇಕ್ಸ್‌ಪಿಯರನನ್ನೂ ಬ್ರೆಕ್ಟನನ್ನೂ ನಗರದ ಮುಖ ಕಾಣದ ಊರುಗಳಿಗೆ ಒಯ್ದದ್ದು ಈ ಹಗ್ಗ ಸುತ್ತುವ ಕೈಗಳು. ‘ಇದು ಹಳ್ಳಿಯವರಿಗೆ ತಿಳಿಯುವುದಿಲ್ಲ’ ಎಂಬ ಮಾತನ್ನು ನಂಬದೆ ಇದ್ದದ್ದೇ ಅವರ ದೊಡ್ಡ ಸಮಾಜ ಸೇವೆ ಎಂದು ನಾನು ತಿಳಿಯುತ್ತೇನೆ. ಪ್ರೇಕ್ಷಕನನ್ನು ಕೀಳೆಂದೆಣಿಸಿ ನಾಟಕವನ್ನು ತೆಳ್ಳಗೆ ಮಾಡುವುದೂ ಒಂದು ಬಗೆಯ ಅಸ್ಪೃಶ್ಯತೆಯೇ ಅಲ್ಲವೆ?

ಅದೇ ಬಳಗದ ಇನ್ನೊಂದು ಕೆಲಸವನ್ನು ಹೇಳದೆ ಮುಂದೆ ಹೋಗಲಾರೆ. ಉತ್ತರ ಕನ್ನಡದ ಕಾಡುಗಳಲ್ಲಿ ಸಿದ್ದಿಯರೆಂಬ ಜನವಿದ್ದಾರೆ. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ, ಬಹುಪಾಲು ಗುಲಾಮರಾಗಿ ತರಲ್ಪಟ್ಟವರ, ಸಂತತಿ. 1980ರ ದಶಕದಲ್ಲಿ ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಚಿದಂಬರರಾವ್ ಜಂಬೆಯವರು ಸಿದ್ದಿಯರನ್ನೇ ನಟರನ್ನಾಗಿ ಮಾಡಿಕೊಂಡು ನಾಟಕ ಕಟ್ಟಿದರು. ಆರಿಸಿಕೊಂಡ ಕಥೆ ನೈಜೀರಿಯಾದ ಚಿನುವ ಅಚಿಬೆಯವರು 1958ರಲ್ಲಿ ಪ್ರಕಟಿಸಿದ ಪ್ರಸಿದ್ಧ ಕಾದಂಬರಿಯದು. ಬಿಳಿಯರು ಬಂದ ಮೇಲೆ ಒಂದು ಆಫ್ರಿಕನ್ ಗ್ರಾಮದ ಬಾಳು ಒಡೆದುಹೋದ ಕಥೆ. ತಲೆಮಾರುಗಳ ಹಿಂದೆ ಆಫ್ರಿಕಾದ ನೆಲದಿಂದ ಬೇರ್ಪಟ್ಟವರು ಅದೇ ಖಂಡದ ಕಥೆಯನ್ನು ಕನ್ನಡದಲ್ಲಿ, ತಮ್ಮ ಕುಣಿತ ತಮ್ಮ ವಾದ್ಯಗಳೊಡನೆ ಆಡಿದರು. ಊರಿನವರ ಗದ್ದೆ ತೋಟಗಳಲ್ಲಿ ತಲೆ ತಗ್ಗಿಸಿ ದುಡಿಯುತ್ತಿದ್ದವರನ್ನು ಅದೇ ಊರಿನವರು ತಲೆಯೆತ್ತಿ ನೋಡಬೇಕಾಯಿತು. ನಾಟಕದಿಂದ ಅವರಿಗೆ ಭೂಮಿ ಸಿಕ್ಕಲಿಲ್ಲ. ಪರಿಶಿಷ್ಟ ಪಂಗಡದ ಮಾನ್ಯತೆ ಬರಲು 2003ರವರೆಗೆ ಕಾಯಬೇಕಾಯಿತು. ಅದು ಬಂದದ್ದು ನಾಟಕದಿಂದಲ್ಲ, ದೀರ್ಘ ಹೋರಾಟದಿಂದ. ಆದರೆ ಆ ಸಮುದಾಯದಿಂದ ಗಿರಿಜಾ ಸಿದ್ದಿ, ಪ್ರಶಾಂತ ಸಿದ್ದಿಯವರಂಥ ಕಸುಬುದಾರ ನಟರು ಹೆಗ್ಗೋಡಿನಲ್ಲಿ ಕಲಿತು ಹೊರಬಂದರು. ಅವರನ್ನು ಈಗ ‘ಸಿದ್ದಿ ಕಲಾವಿದರು’ ಎಂದು ಬೆನ್ನು ತಟ್ಟುವ ಅಗತ್ಯವಿಲ್ಲ, ಕಲಾವಿದರೆಂದರೆ ಸಾಕು.

ಸೆರೆಮನೆಗಳ ಬಂದಿಗಳೊಡನೆ ವರ್ಷಾನುವರ್ಷ ನಾಟಕ ಕಟ್ಟಿದ ರಂಗಾಯಣದ ಹುಲುಗಪ್ಪ ಕಟ್ಟೀಮನಿಯವರ ಕೆಲಸವೂ ಇದೇ ಜಾತಿಯದು. ಅಲ್ಲಿಯೂ ಬೋಧನೆಗಿಂತ ತಾಲೀಮೇ ಮುಖ್ಯ. ಹೊತ್ತಿಗೆ ಸರಿಯಾಗಿ ಬರುವುದು, ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾಯುವುದು, ತನ್ನ ಕೈಯಿಂದ ಆದದ್ದನ್ನು ಇನ್ನೊಬ್ಬನ ಪಾತ್ರದಲ್ಲಿ ದೂರನಿಂತು ನೋಡುವುದು.

ಒಂದು ಕಹಿ ಮಾತನ್ನೂ ಹೇಳಬೇಕು. ಊರಿನ ಋಣ ತೀರಿಸಿ ಎಂದು ಕಲಾವಿದನಿಗೆ ಉಪದೇಶ ಮಾಡುವ ಊರು ಅವನ ಬಾಡಿಗೆಯನ್ನು ಯೋಚಿಸುವುದಿಲ್ಲ. ಒಳ್ಳೆಯ ಕೆಲಸವಲ್ಲವೆ, ದುಡ್ಡೇಕೆ ಎನ್ನುವವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ನನಗೇನೋ ಸಂಬಳವಿತ್ತು, ನನ್ನ ಜೊತೆಯ ಇಬ್ಬರು ಒಳ್ಳೆಯ ನಟರು ಸಂಸಾರದ ಭಾರಕ್ಕೆ ಬಣ್ಣವನ್ನು ಬಿಟ್ಟರು. ತಮಟೆಯ ಗೆಳೆಯ ಬಿಡಲಿಲ್ಲ.

ಅವನ ಮಾತು ಕೇಳಿದ ಮೇಲೆ ನಾವು ಮಾಡಿದ್ದು ಎರಡು ಕೆಲಸ. ಮೊದಲನೆಯದು, ಒಂದು ಸೀಮೆಎಣ್ಣೆಯ ಸ್ಟವ್ವನ್ನೂ ಎರಡು ಪಾತ್ರೆಗಳನ್ನೂ ಕೊಂಡೆವು. ಎಲ್ಲರೂ ಒಂದೇ ಪಂಕ್ತಿಯಲ್ಲಿ ಕೂರುವುದಾದರೆ ಮಾತ್ರ ಊರಿನ ಊಟ. ಇಲ್ಲವಾದರೆ ಶಾಲೆಯ ಜಗಲಿಯಲ್ಲಿ ನಾವೇ ಬೇಯಿಸಿಕೊಳ್ಳುವುದು ಎಂದು ಮೊದಲೇ ತಿಳಿಸತೊಡಗಿದೆವು. ಅದರಿಂದ ಆರೇಳು ಊರುಗಳ ಆಟ ತಪ್ಪಿತು. ಎರಡನೆಯದು, ನಮ್ಮ ನಟಿ. ನಲ್ಲಿಯ ನೀರಿನಲ್ಲಿ ಬೆಳೆದ ಪೇಟೆಯ ಹುಡುಗಿ. ಆಕೆ ಗೆಳೆಯನ ಹಟ್ಟಿಗೆ ಹೋಗಿ, ಅವನ ತಾಯಿಯ ಜೊತೆ ಒಂದು ವಾರ ನೀರು ಹೊತ್ತಳು. ಸಿಂಬಿ ಸುತ್ತುವುದು, ಕೊಡ ಎತ್ತುವಾಗ ಮೊಣಕಾಲು ಮಡಿಸುವುದು, ತುಂಬಿದ ಕೊಡ ತಲೆಯ ಮೇಲಿರುವಾಗ ಕತ್ತಿನ ಬದಲು ಕಣ್ಣು ಮಾತ್ರ ಹೊರಳುವುದು, ಇವನ್ನು ಕಲಿತಳು. ಮೂರನೆಯ ದಿನ ಕತ್ತು ನೋವೆಂದು ಅತ್ತಳಂತೆ. ಆ ತಾಯಿ ಎಣ್ಣೆ ಹಚ್ಚಿ ನೀವಿ, ನಕ್ಕಳಂತೆ. ಅಂದಿನಿಂದ ನಾಟಕದಲ್ಲಿ ಕೊಡ ತುಂಬಿಯೇ ಬರುತ್ತಿತ್ತು.

ಹಾಗೆ ತುಂಬಿದ ಕೊಡದೊಡನೆ ಆಡಿದ ಎರಡನೆಯ ಊರು. ಆ ಮಧ್ಯಾಹ್ನ ನಾವೆಲ್ಲ ಒಟ್ಟಿಗೆ ಹೋಗಿ, ಊರ ಮುಂದಿನ ಬಾವಿಯಿಂದ ನೀರು ತಂದಿದ್ದೆವು. ಸಂಜೆ ಕೊನೆಯ ದೃಶ್ಯದಲ್ಲಿ ಆಕೆ ಕೊಡ ಹೊತ್ತು ಜನರ ನಡುವಿನಿಂದ ಬಂದಾಗ ನೀರು ತುಳುಕಿ, ಮುಂದೆ ಕುಳಿತಿದ್ದ ಮುದುಕಿಯೊಬ್ಬಳ ಸೆರಗಿನ ಮೇಲೆ ಬಿದ್ದಿತು. ಮುದುಕಿ ಎದ್ದು ನಿಂತು ಕೇಳಿದಳು: “ಯಾವ ಬಾವಿ ನೀರವ್ವ ಇದು?”

ನಾಟಕದಲ್ಲಿ ಈ ಮಾತಿರಲಿಲ್ಲ. ನಟಿ ನನ್ನ ಮುಖ ನೋಡಿದಳು. ನಾನು ಬಾಯಿ ತೆರೆಯುವ ಮೊದಲೇ ಗೆಳೆಯ ತಮಟೆಯನ್ನು ಕೆಳಗಿಟ್ಟು, “ನಿಮ್ಮೂರ ಬಾವೀದೇ ಕಣವ್ವ. ನಾನೇ ಸೇದಿದ್ದು” ಎಂದ. ಗುಂಪಿನ ಹಿಂದೆ ಗುಜುಗುಜು ಎದ್ದಿತು. ಒಂದಿಷ್ಟು ಗಂಡಸರು ಎದ್ದು ಹೋದರು. ಹೋಗುವಾಗ ಒಬ್ಬಾತ ನಮ್ಮ ಸೈಕಲ್ಲಿಗೆ ಒದ್ದ. ಮುದುಕಿ ಸೆರಗನ್ನು ಹಿಂಡಿಕೊಂಡಳು. ಹೋಗುತ್ತಾಳೆಂದುಕೊಂಡೆ, ಮತ್ತೆ ಕುಳಿತಳು. ಉಳಿದ ಮೂವತ್ತು ನಲವತ್ತು ಜನರ ಮುಂದೆ ನಾಟಕವನ್ನು ಮುಗಿಸಿದೆವು. ರಾತ್ರಿ ಅನ್ನ ಬೇಯಿಸಿಕೊಂಡು ಶಾಲೆಯ ಜಗಲಿಯ ಮೇಲೆ ಸಾಲಾಗಿ ಕುಳಿತು ಉಂಡೆವು.

ಮರುವರ್ಷ ಆ ಊರಿನಿಂದ ನಮಗೆ ಕರೆ ಬರಲಿಲ್ಲ. ಪಕ್ಕದ ಊರಿನಿಂದ ಒಂದು ಕಾರ್ಡು ಬಂದಿತು. ನಾಟಕ ಯಾವುದೆಂದು ಅವರು ಕೇಳಿರಲಿಲ್ಲ. ನೀರನ್ನು ನಾವೇ ಸೇದಿಕೊಳ್ಳುವೆವೋ, ಅವರು ಸೇದಿಡಬೇಕೋ ಎಂದು ಕೇಳಿದ್ದರು.